ಶಿಕ್ಷಕರ ಉಡುಪಿಗೆ ಆದೇಶ ಬೇಕೇ?

ಬೆಳಗಿನ ಗಂಟೆ ಬಾರಿಸಿ ಮಕ್ಕಳು ಪ್ರಾರ್ಥನೆಗೆ ಸಾಲುಗಟ್ಟಿ ನಿಂತಾಗ ಅವರ ಕಣ್ಣು ಮೊದಲು ಹೋಗುವುದು ಎದುರಿಗೆ ನಿಂತ ಟೀಚರ ಕಡೆಗೆ. ಮಿಸ್ ಇವತ್ತು ಯಾವ ಸೀರೆ ಉಟ್ಟು ಬಂದಿದ್ದಾರೆ, ಮೇಷ್ಟ್ರು ನಿನ್ನೆಯ ಅಂಗಿಯನ್ನೇ ತೊಟ್ಟಿದ್ದಾರೆಯೇ, ಅವರ ಚಪ್ಪಲಿಯ ಉಂಗುಷ್ಟ ಕಿತ್ತಿದೆಯೇ, ಎಲ್ಲವನ್ನೂ ಒಂದನೇ ತರಗತಿಯ ಮಗು ನೋಡಿಟ್ಟುಕೊಂಡಿರುತ್ತದೆ. ಸಂಜೆ ಮನೆಗೆ ಹೋಗಿ ಅಮ್ಮನಿಗೆ ವರದಿಯನ್ನೂ ಒಪ್ಪಿಸುತ್ತದೆ. ಮಕ್ಕಳ ಈ ನೋಟದ ಬಗ್ಗೆ ಯಾರ ತಕರಾರೂ ಇಲ್ಲ. ಆ ನೋಟದ ಹೆಸರಿನಲ್ಲಿ ಸರ್ಕಾರವೋ ಆಡಳಿತ ಮಂಡಳಿಯೋ ಸುತ್ತೋಲೆ ಹೊರಡಿಸಿದಾಗ ತಕರಾರು ಶುರುವಾಗುತ್ತದೆ.

2023ರ ಮೇ ತಿಂಗಳಲ್ಲಿ ಅಸ್ಸಾಂ ಸರ್ಕಾರ ಶಾಲಾ ಶಿಕ್ಷಕರು ಜೀನ್ಸ್, ಟೀ ಶರ್ಟ್, ಲೆಗ್ಗಿಂಗ್ಸ್ ತೊಟ್ಟು ಪಾಠಕ್ಕೆ ಬರಬಾರದೆಂದು ಆದೇಶಿಸಿತು. ಗಂಡಸರಿಗೆ ಫಾರ್ಮಲ್ ಶರ್ಟು-ಪ್ಯಾಂಟು, ಹೆಂಗಸರಿಗೆ ಸೀರೆ, ಸಲ್ವಾರ್ ಅಥವಾ ಅಲ್ಲಿನ ಮೇಖೇಲಾ ಚಾದರ್ ಎಂದು ಗೊತ್ತುಮಾಡಿತು. 2024ರ ಮಾರ್ಚ್ 15ರಂದು ಮಹಾರಾಷ್ಟ್ರವೂ ಅದೇ ದಾರಿ ಹಿಡಿಯಿತು. ಅಲ್ಲಿ ಶಿಕ್ಷಕಿಯರಿಗೆ ಸೀರೆ ಅಥವಾ ದುಪಟ್ಟಾ ಸಹಿತ ಚೂಡಿದಾರ್, ಶಿಕ್ಷಕರಿಗೆ ಪ್ಯಾಂಟಿನೊಳಗೆ ಸೇರಿಸಿದ ಅಂಗಿ. ಜೀನ್ಸ್, ಟೀ ಶರ್ಟ್, ಕಣ್ಣು ಕುಕ್ಕುವ ಚಿತ್ರಗಳ ಬಟ್ಟೆ ಯಾರಿಗೂ ಇಲ್ಲ. ಕೇರಳದ ದಿಕ್ಕೇ ಬೇರೆ. ಶಿಕ್ಷಕಿಯರು ಸೀರೆಯನ್ನೇ ಉಡಬೇಕೆಂದು ಯಾವ ಸಂಸ್ಥೆಯೂ ಒತ್ತಾಯಿಸುವಂತಿಲ್ಲ ಎಂದು 2021ರ ನವೆಂಬರಿನಲ್ಲಿ ಅಲ್ಲಿನ ಉನ್ನತ ಶಿಕ್ಷಣ ಇಲಾಖೆ ಮತ್ತೊಮ್ಮೆ ಸ್ಪಷ್ಟಪಡಿಸಿತು.

ನಮ್ಮಲ್ಲೂ ಈ ಪ್ರಶ್ನೆ ಸ್ಟಾಫ್ ರೂಮಿನಲ್ಲಿ, ಎಸ್‌ಡಿಎಂಸಿ ಸಭೆಯಲ್ಲಿ, ಪೋಷಕರ ಮಾತಿನಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಶಿಕ್ಷಕರು ಚೊಕ್ಕಟವಾಗಿರಬೇಕು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಚೊಕ್ಕಟ ಯಾವುದೆಂದು ಬರೆದು, ಸಹಿ ಮಾಡಿ, ಪಾಲಿಸದವರನ್ನು ಪ್ರಶ್ನಿಸುವ ಅಧಿಕಾರ ಒಬ್ಬರ ಕೈಗೆ ಕೊಡಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ತರಗತಿಗೆ ಒಂದು ಮರ್ಯಾದೆಯಿದೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದರು ಹಿರಿಯರು. ಉಣ್ಣುವುದು ನಮಗಾಗಿ, ಉಡುವುದು ಎದುರಿಗಿರುವವರಿಗಾಗಿಯೂ ಹೌದು ಎಂಬ ವಿವೇಕ ಈ ಗಾದೆಯಲ್ಲಿದೆ. ಶಿಕ್ಷಕರ ಎದುರಿಗೆ ಇರುವವರು ಯಾರು? ಇನ್ನೂ ಎಲ್ಲವನ್ನೂ ನೋಡಿಯೇ ಕಲಿಯುವ ವಯಸ್ಸಿನವರು. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲೇ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟರವರೆಗೆ 220 ದಿನ ಮಗು ಶಾಲೆಯಲ್ಲಿರಬೇಕು. ಅಷ್ಟು ದಿನ, ಅಷ್ಟು ಹತ್ತಿರದಿಂದ, ಅಷ್ಟು ಗಮನವಿಟ್ಟು ಮಗು ನೋಡುವ ಹೊರಗಿನ ದೊಡ್ಡವರೆಂದರೆ ಟೀಚರು ಮಾತ್ರ. ಅವರು ಹೇಳಿದ ಪಾಠ ಮರೆತರೂ ನಿಂತ ಭಂಗಿ, ಬಂದ ಬಗೆ ಮಗುವಿನ ನೆನಪಿನಲ್ಲಿ ಉಳಿಯುತ್ತದೆ.

ನಮ್ಮ ಶಾಲೆಗಳು ಮಕ್ಕಳಿಂದ ಏನೆಲ್ಲ ಕೇಳುತ್ತವೆ ಎಂಬುದನ್ನು ನೆನೆಯೋಣ. ಸಮವಸ್ತ್ರ ಒಗೆದಿರಬೇಕು, ಉಗುರು ಕತ್ತರಿಸಿರಬೇಕು, ತಲೆ ಬಾಚಿರಬೇಕು, ಹೆಣ್ಣುಮಕ್ಕಳು ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿರಬೇಕು. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರ ಬಟ್ಟೆ, ಶೂ, ಕಾಲುಚೀಲ ಕೊಡುತ್ತದೆ. ಉಳಿದ ದುಡಿಮೆ ಮನೆಯವರದು. ಕೂಲಿಗೆ ಹೋಗಿ ಬಂದ ತಾಯಿ ರಾತ್ರಿಯೇ ಒಗೆದು, ಮಳೆಗಾಲವಾದರೆ ಒಲೆಯ ಬಿಸಿಗೆ ಒಣಗಿಸಿ ಮಗುವಿಗೆ ತೊಡಿಸುತ್ತಾಳೆ. ಅವಳಿಂದ ಇಷ್ಟನ್ನು ಕೇಳುವ ಶಾಲೆ, ಸಂಬಳ ಪಡೆಯುವ ದೊಡ್ಡವರಿಂದ ಏನನ್ನೂ ಕೇಳುವುದಿಲ್ಲ ಎಂದರೆ ಆ ನಿಯಮ ಮಕ್ಕಳ ಕಣ್ಣಲ್ಲಿ ಹಗುರಾಗುತ್ತದೆ. ತಾನು ಪಾಲಿಸದ ಶಿಸ್ತನ್ನು ಬೇರೆಯವರಿಗೆ ಹೇಳಿಕೊಡುವುದು ಹೇಗೆ? ಬಿಸಿಯೂಟದ ಅಡುಗೆಯಮ್ಮಂದಿರು ಏಪ್ರನ್ ಕಟ್ಟಿ, ತಲೆಗೆ ಟೋಪಿ ಹಾಕಿಕೊಳ್ಳಬೇಕೆಂದು ನಾವೇ ಹೇಳುತ್ತೇವೆ. ಶಾಲೆಯಲ್ಲಿ ತೀರಾ ಕಡಿಮೆ ಗೌರವಧನ ಪಡೆಯುವ ಅವರಿಗೊಂದು ಉಡುಪಿನ ನಿಯಮವಿದ್ದು, ಹೆಚ್ಚು ಸಂಬಳದವರಿಗೆ ಇಲ್ಲದಿರುವುದು ನ್ಯಾಯವಲ್ಲ.

ಉಡುಪು ಮನುಷ್ಯನನ್ನು ಅವನ ಕೆಲಸದೊಳಕ್ಕೆ ಕರೆದೊಯ್ಯುತ್ತದೆ ಎಂಬುದೂ ನಿಜ. ವಕೀಲರ ಕರಿ ಕೋಟು ಮತ್ತು ಬ್ಯಾಂಡು ಬಾರ್ ಕೌನ್ಸಿಲ್ ನಿಯಮದಲ್ಲಿಯೇ ಇದೆ. ಅದನ್ನು ತೊಟ್ಟೊಡನೆ ಅವರು ಒಬ್ಬ ವ್ಯಕ್ತಿಯಾಗಿ ಉಳಿಯದೆ ಕಕ್ಷಿದಾರರ ದನಿಯಾಗುತ್ತಾರೆ. ಬಸ್ಸಿನಲ್ಲಿ ಎಷ್ಟೇ ಜನ ಇರಲಿ, ಖಾಕಿ ತೊಟ್ಟವರು ಕಂಡಕ್ಟರೆಂದು ಎಲ್ಲರಿಗೂ ತಿಳಿಯುತ್ತದೆ. 2012ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕೆಲವರಿಗೆ ಬಿಳಿ ಕೋಟು ತೊಡಿಸಿ ಗಮನವನ್ನು ಅಳೆಯುವ ಪರೀಕ್ಷೆ ಕೊಟ್ಟರು. ಅದು ವೈದ್ಯರ ಕೋಟು ಎಂದು ತಿಳಿದು ತೊಟ್ಟವರು ಉಳಿದವರಿಗಿಂತ ಚೆನ್ನಾಗಿ ಮಾಡಿದರು. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ಬಿ.ಎಡ್. ಮುಗಿಸಿ ಮೊದಲ ಬಾರಿ ಹೈಸ್ಕೂಲಿಗೆ ಕಾಲಿಟ್ಟ 23-24 ವರ್ಷದ ಶಿಕ್ಷಕಿಯನ್ನು ಕೇಳಿ. ತನಗಿಂತ ಎತ್ತರ ಬೆಳೆದ ಹತ್ತನೇ ತರಗತಿಯ ಹುಡುಗರ ಎದುರು ನಿಂತ ಆ ದಿನ, ನೆರಿಗೆ ಸರಿಯಾಗಿ ಹಿಡಿದು ಉಟ್ಟ ಹತ್ತಿ ಸೀರೆ ತನಗೆ ಎಷ್ಟು ಧೈರ್ಯ ಕೊಟ್ಟಿತೆಂದು ಆಕೆ ಹೇಳಿಯಾಳು.

ಇದು ವ್ಯಕ್ತಿಸ್ವಾತಂತ್ರ್ಯದ ಹರಣ ಎನ್ನುವವರಿದ್ದಾರೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಈಸ್ಟ್ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರೊಬ್ಬರು ಟೈ ಕಟ್ಟಲು ಒಪ್ಪದೆ ಕೋರ್ಟಿಗೆ ಹೋಗಿದ್ದರು. ಟೈ ಇಲ್ಲದಿದ್ದರೆ ವಿದ್ಯಾರ್ಥಿಗಳಿಗೆ ತಾನು ಹತ್ತಿರವಾಗುತ್ತೇನೆ, ತನ್ನ ಉಡುಪು ತನ್ನ ಅಭಿವ್ಯಕ್ತಿ ಎಂಬುದು ಅವರ ವಾದವಾಗಿತ್ತು. ತರಗತಿಯಲ್ಲಿ ಗೌರವ, ಶಿಸ್ತು ಬೆಳೆಸಲು ಶಾಲಾ ಮಂಡಳಿ ಇಂಥದೊಂದು ಸಣ್ಣ ನಿಯಮ ಮಾಡಬಹುದೆಂದು 1977ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣಪೀಠ ತೀರ್ಪಿತ್ತಿತು. ವ್ಯಕ್ತಿಸ್ವಾತಂತ್ರ್ಯವನ್ನು ಜೀವಕ್ಕಿಂತ ಹೆಚ್ಚೆಂದು ಕಾಣುವ ದೇಶದಲ್ಲೇ ಈ ಮಾತು ಬಂತು. ಮನೆಯಲ್ಲಿ, ಪೇಟೆಯಲ್ಲಿ, ಮದುವೆಮನೆಯಲ್ಲಿ ಶಿಕ್ಷಕರು ಏನು ತೊಡಬೇಕೆಂದು ಯಾರೂ ಹೇಳುತ್ತಿಲ್ಲ. ಕೆಲಸದ ಐದಾರು ತಾಸಿನ ಮಾತಷ್ಟೇ ಇದು.

ಬಟ್ಟೆಗೆ ಬೆಲೆಯಿಲ್ಲ, ಒಳಗಿನ ವಿದ್ಯೆಯೇ ಮುಖ್ಯ ಎನ್ನುವುದು ಸುಲಭ. ಆದರೆ ಶತಮಾನಗಳ ಕಾಲ ಒಳ್ಳೆಯ ಬಟ್ಟೆ ತೊಡುವ ಹಕ್ಕಿನಿಂದಲೇ ವಂಚಿತರಾಗಿ ಬಂದ ಜನ ಈ ನಾಡಿನಲ್ಲಿದ್ದಾರೆ. ಬಾಬಾಸಾಹೇಬ ಅಂಬೇಡ್ಕರ್ 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅವರನ್ನು ನಾವು ಇಂದಿಗೂ ಸೂಟು-ಬೂಟಿನಲ್ಲೇ ಕಾಣುತ್ತೇವೆ. ಊರೂರಿನ ಪ್ರತಿಮೆಯಲ್ಲಿ ಅವರು ತೊಟ್ಟಿರುವ ನೀಲಿ ಸೂಟು ಆಡಂಬರವಲ್ಲ, ‘ನಾನೂ ಎದೆಯೆತ್ತಿ ನಿಲ್ಲಬಲ್ಲೆ’ ಎಂಬ ಘೋಷಣೆ. ತನ್ನ ಕೇರಿಯಿಂದಲೇ ಓದಿ ಬಂದ ಮೇಷ್ಟ್ರು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕರಿಹಲಗೆಯ ಮುಂದೆ ನಿಂತಾಗ ಕೊನೆಯ ಬೆಂಚಿನ ಮಗುವೊಂದು ಅವರಲ್ಲಿ ತನ್ನ ನಾಳೆಯನ್ನು ಕಾಣುತ್ತದೆ. ಕ್ಯಾಶುಯಲ್ ಆಗಿರುವುದು ಉಳ್ಳವರಿಗೆ ಹಿತವಾದೀತು. ಇಲ್ಲದವರಿಗೆ ಒಪ್ಪವಾಗಿ ಉಡುವುದೇ ಹೋರಾಟ.

ನಿಯಮ ಬರೆಯದಿದ್ದರೆ ನಿಯಮವೇ ಇರುವುದಿಲ್ಲ ಎಂಬ ಭ್ರಮೆಯೂ ಬೇಡ. ಬರೆಯದ ಕಡೆ ಬರೆಯದ ನಿಯಮ ಆಳುತ್ತದೆ. ಮುಖ್ಯೋಪಾಧ್ಯಾಯರ ಇಷ್ಟ, ಆಡಳಿತ ಮಂಡಳಿಯ ಹಟ, ಹಿರಿಯ ಸಹೋದ್ಯೋಗಿಯ ಕೊಂಕು ಮಾತು, ಇವೇ ಕಾನೂನಾಗುತ್ತವೆ. ಚೂಡಿದಾರ್ ತೊಟ್ಟು ಬಂದ ಹೊಸ ಶಿಕ್ಷಕಿಯನ್ನು ಒಳಗೆ ಕರೆದು ‘ನಾಳೆಯಿಂದ ಸೀರೆ ಉಟ್ಟು ಬನ್ನಿ’ ಎಂದರೆ ಆಕೆ ಏನನ್ನು ತೋರಿಸಿ ಎದುರಾಡಬೇಕು? ಕೇರಳದ ಶಿಕ್ಷಕಿಯರ ಕೈಗೆ ಬಲ ಬಂದಿದ್ದು ಒಂದು ಸರ್ಕಾರಿ ಕಾಗದದಿಂದ. ಸ್ಪಷ್ಟವಾಗಿ ಬರೆದ ನಿಯಮ ಕೆಳಗಿನವರಿಗೆ ರಕ್ಷಣೆ ಕೊಡುತ್ತದೆ, ಮೇಲಿನವರ ಮನಸ್ಸಿಗೆ ಬಂದಂಥ ಮಾತಿಗೆ ಬೇಲಿ ಹಾಕುತ್ತದೆ.

ಎಂಥ ನಿಯಮ ಎಂದು ಕೇಳಿದರೆ ಉತ್ತರ ಚಿಕ್ಕದು. ಬಟ್ಟೆ ಶುಭ್ರವಾಗಿರಲಿ, ಮೈ ಮುಚ್ಚಲಿ, ಬಗ್ಗಿ ಎದ್ದು ಓಡಾಡಲು ಅನುವಾಗಿರಲಿ. ಪಕ್ಷದ ಚಿಹ್ನೆ, ಸಿನಿಮಾ ನಟರ ಚಿತ್ರ, ಯಾರನ್ನಾದರೂ ನೋಯಿಸುವ ಬರಹ ಅದರ ಮೇಲೆ ಇರದಿರಲಿ. ಮಕ್ಕಳ ಬಡತನದ ಎದುರು ಸಿರಿವಂತಿಕೆಯ ಪ್ರದರ್ಶನ ಆಗದಿರಲಿ. ಸೀರೆ, ಚೂಡಿದಾರ್, ಶರ್ಟು-ಪ್ಯಾಂಟು, ಜುಬ್ಬಾ, ಪಂಚೆ ಎಲ್ಲವೂ ಇದರೊಳಗೆ ಬರಲಿ. ಗಂಡಸು-ಹೆಂಗಸು ಎಂಬ ಭೇದವಿಲ್ಲದೆ ಒಂದೇ ಪುಟದಲ್ಲಿ ಇಷ್ಟನ್ನು ಬರೆಯಬಹುದು. ದಂಡ ಬೇಡ, ಬುದ್ಧಿಮಾತು ಸಾಕು.

1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಜ್ಯೋತಿಬಾ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದಾಗ ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯವರ ಮೇಲೆ ಜನ ದಾರಿಯುದ್ದಕ್ಕೂ ಕೆಸರು, ಸಗಣಿ ಎರಚುತ್ತಿದ್ದರು. ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆ ತಲುಪಿದ ಮೇಲೆ ಕೊಳೆಯಾದ ಸೀರೆ ಬದಲಿಸಿ, ಮಡಿಯಾದುದನ್ನು ಉಟ್ಟು ಮಕ್ಕಳ ಮುಂದೆ ನಿಲ್ಲುತ್ತಿದ್ದರು. ಆ ಕೆಸರಿನ ಸೀರೆಯಲ್ಲೇ ಪಾಠ ಹೇಳಿದ್ದರೂ ಅಕ್ಷರ ಅದೇ ಆಗಿರುತ್ತಿತ್ತು. ಆದರೆ ಮಕ್ಕಳು ತನ್ನನ್ನು ಹೇಗೆ ನೋಡಬೇಕೆಂಬುದು ಅವರಿಗೆ ಮುಖ್ಯವಾಗಿತ್ತು. ಶಿಕ್ಷಕ ವೃತ್ತಿಯ ಉಡುಪಿನ ಪಾಠ ಆ ಚೀಲದಲ್ಲಿದೆ.

ವಿರೋಧ: ಅಳತೆಗೋಲು ಯಾರ ಕೈಯಲ್ಲಿ?

ಮಾಸಿದ ಅಂಗಿಯಲ್ಲಿ, ಹರಿದ ಬಟ್ಟೆಯಲ್ಲಿ ತರಗತಿಗೆ ಬರುವ ಹಕ್ಕು ಬೇಕೆಂದು ಯಾರೂ ಕೇಳುತ್ತಿಲ್ಲ. ನಮ್ಮ ಶಾಲೆಗಳ ಶಿಕ್ಷಕರು ಹಾಗೆ ಬರುತ್ತಲೂ ಇಲ್ಲ. ಬೆಳಗಿನ ಜಾವ ಎದ್ದು, ಅಡುಗೆ ಮುಗಿಸಿ, ಎರಡು ಬಸ್ಸು ಬದಲಿಸಿ ಹಳ್ಳಿಯ ಶಾಲೆ ಸೇರುವ ಶಿಕ್ಷಕಿ ಇಂದಿಗೂ ಒಪ್ಪವಾಗಿಯೇ ಬರುತ್ತಾರೆ. ಮಕ್ಕಳು ತನ್ನನ್ನು ನೋಡುತ್ತಾರೆ ಎಂಬುದು ಆಕೆಗೆ ಯಾವ ಸುತ್ತೋಲೆಗಿಂತ ಮೊದಲೇ ಗೊತ್ತು. ಹಾಗಿದ್ದ ಮೇಲೆ ಆದೇಶ ಯಾರಿಗಾಗಿ? ಯಾವ ರೋಗಕ್ಕೆ ಈ ಮದ್ದು?

ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಒಂದೊಂದಾಗಿ ಹೇಳುತ್ತದೆ. ಹೊತ್ತಿಗೆ ಸರಿಯಾಗಿ ಬರಬೇಕು, ಪಠ್ಯ ಪೂರ್ಣಗೊಳಿಸಬೇಕು, ಪ್ರತಿ ಮಗುವಿನ ಕಲಿಕೆಯನ್ನು ಅಳೆದು ಬೇಕಾದವರಿಗೆ ಹೆಚ್ಚುವರಿ ಪಾಠ ಹೇಳಬೇಕು, ಪೋಷಕರೊಂದಿಗೆ ಸಭೆ ನಡೆಸಿ ಮಗುವಿನ ಪ್ರಗತಿ ತಿಳಿಸಬೇಕು. ಇಡೀ ಪಟ್ಟಿಯಲ್ಲಿ ಬಟ್ಟೆಯ ಮಾತಿಲ್ಲ. ಮಗುವಿಗೆ ಓದು ಬಂತೇ, ಲೆಕ್ಕ ಬಂತೇ ಎಂದು ಅಳೆಯುವುದು ಕಷ್ಟದ ಕೆಲಸ, ಅಂಗಿ ಪ್ಯಾಂಟಿನೊಳಗಿದೆಯೇ ಎಂದು ಅಳೆಯುವುದು ಸುಲಭದ್ದು. ಉಡುಪಿನ ನಿಯಮವೊಂದು ಕೈಗೆ ಸಿಕ್ಕರೆ ತಪಾಸಣೆಗೆ ಬಂದ ಅಧಿಕಾರಿಯ ಕಣ್ಣು ಮಗುವಿನ ನೋಟ್‌ಬುಕ್ಕಿನಿಂದ ಶಿಕ್ಷಕಿಯ ದುಪಟ್ಟಾದ ಮೇಲೆ ಹೋಗಿ ನಿಲ್ಲುತ್ತದೆ. ಏಕೋಪಾಧ್ಯಾಯ ಶಾಲೆಗೆ ಇನ್ನೊಬ್ಬ ಶಿಕ್ಷಕರನ್ನು, ಶಿಕ್ಷಕಿಯರಿಗೆ ನೀರಿರುವ ಶೌಚಾಲಯವನ್ನು ಕೊಡಬೇಕಾದ ವ್ಯವಸ್ಥೆ ಅದರ ಬದಲು ಒಂದು ಸುತ್ತೋಲೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ.

ನೋಟ ಪರರಿಚ್ಛೆ ಎಂದರಲ್ಲ, ಆ ಪರರು ಯಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಈ ಆದೇಶಗಳನ್ನು ಓದಿ ನೋಡಿ. ಗಂಡಸರ ಪಾಲಿಗೆ ಅವು ಒಂದು ಸಾಲಿನಲ್ಲಿ ಮುಗಿಯುತ್ತವೆ. ಹೆಂಗಸರ ವಿಷಯಕ್ಕೆ ಬಂದೊಡನೆ ದುಪಟ್ಟಾ ಬೇಕು, ಲೆಗ್ಗಿಂಗ್ಸ್ ಬೇಡ, ‘ಸಭ್ಯ’ವಾಗಿರಬೇಕು ಎಂಬ ಮಾತು ಬೆಳೆಯುತ್ತದೆ. ಸಭ್ಯ ಎಂಬ ಪದ ರಬ್ಬರಿನಂತೆ; ಎಳೆದವರ ಕೈಗೆ ಬಂದಷ್ಟು ಉದ್ದವಾಗುತ್ತದೆ. ಅಡುಗೆಯಮ್ಮನ ತಲೆಯ ಟೋಪಿ ಸಾಂಬಾರಿಗೆ ಕೂದಲು ಬೀಳದಂತೆ ತಡೆಯುತ್ತದೆ, ಆ ನಿಯಮ ಕೆಲಸದಿಂದ ಹುಟ್ಟಿದ್ದು. ಉದ್ದ ಕುರ್ತಾ ತೊಟ್ಟು ಗುಣಾಕಾರ ಹೇಳಿಕೊಡುವ ಶಿಕ್ಷಕಿಯ ಹೆಗಲಿನ ದುಪಟ್ಟಾ ಏನನ್ನು ತಡೆಯುತ್ತದೆ? ಅದು ಪಾಠಕ್ಕೆ ಬೇಕಾದದ್ದಲ್ಲ, ನೋಡುವವರ ಸಂಕೋಚಕ್ಕೆ ಬೇಕಾದದ್ದು. ಆ ಸಂಕೋಚದ ಭಾರವನ್ನು ಆಕೆಯ ಹೆಗಲ ಮೇಲೇಕೆ ಹೊರಿಸಬೇಕು?

ಇಂದು ಸಂಪ್ರದಾಯವೆಂದು ಹೇಳುವ ಉಡುಪು ನಿನ್ನೆಯದಲ್ಲ ಎಂಬುದನ್ನೂ ನೆನಪಿಡಬೇಕು. ಒಂದು ಕಾಲಕ್ಕೆ ನಮ್ಮ ಎಷ್ಟೋ ಶಾಲೆಗಳಲ್ಲಿ ಚೂಡಿದಾರ್ ತೊಟ್ಟ ಶಿಕ್ಷಕಿಯನ್ನು ಹುಬ್ಬೇರಿಸಿ ನೋಡುತ್ತಿದ್ದರು. ಈಗ ಅದೇ ಚೂಡಿದಾರ್ ಆದೇಶಗಳಲ್ಲಿ ಮರ್ಯಾದೆಯ ಉಡುಪಾಗಿದೆ. ಆ ಬದಲಾವಣೆ ಆಗಿದ್ದು ಹೇಗೆ? ಹುಬ್ಬೇರಿಸಿದವರ ಮಾತು ಕೇಳದ ಕೆಲವು ಶಿಕ್ಷಕಿಯರು ಧೈರ್ಯವಾಗಿ ತೊಟ್ಟು ಬಂದದ್ದರಿಂದ. ಅಂದೇ ಆದೇಶವೊಂದು ಗಟ್ಟಿಯಾಗಿ ಕೂತಿದ್ದರೆ ಇಂದಿಗೂ ಅದು ನಿಷಿದ್ಧವಾಗಿಯೇ ಇರುತ್ತಿತ್ತು. ಕೇರಳದ ಕಾಗದವನ್ನು ವಸ್ತ್ರಸಂಹಿತೆಯ ಸಾಲಿಗೆ ಸೇರಿಸುವುದು ಸರಿಯಲ್ಲ. ಅದು ಶಿಕ್ಷಕಿಯರಿಗೆ ಇಂಥದ್ದು ಉಡಿ ಎಂದು ಹೇಳಲಿಲ್ಲ, ಅವರ ಮೇಲಿನವರಿಗೆ ಒತ್ತಾಯಿಸಬೇಡಿ ಎಂದು ಹೇಳಿತು. ಅಲ್ಲಿನ ಅಂದಿನ ಉನ್ನತ ಶಿಕ್ಷಣ ಸಚಿವೆ ಆರ್. ಬಿಂದು ಅವರೇ ತಾವು ಅಧ್ಯಾಪಕಿಯಾಗಿದ್ದಾಗ ಚೂಡಿದಾರ್ ತೊಟ್ಟು ಪಾಠ ಮಾಡುತ್ತಿದ್ದುದನ್ನು ನೆನಪಿಸಿಕೊಂಡರು. ಬರೆದ ಕಾಗದ ಬೇಕೆಂದಾದರೆ ಅಂಥ ಕಾಗದ ಬರಲಿ.

ನಮ್ಮದೇ ಮೇಷ್ಟ್ರುಗಳನ್ನು ಮಹಾರಾಷ್ಟ್ರದ ಆದೇಶದ ಎದುರು ನಿಲ್ಲಿಸಿ ನೋಡಿ. ಪ್ಯಾಂಟಿನೊಳಗೆ ಅಂಗಿ ಸೇರಿಸಬೇಕೆಂಬ ನಿಯಮದ ಪ್ರಕಾರ, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯೂ ಆದ ಬಿಳಿ ಜುಬ್ಬಾದ ಕುವೆಂಪು ಒಳಗೆ ಬರುವಂತಿಲ್ಲ. 1918ರಲ್ಲಿ ಅದೇ ಕಾಲೇಜಿಗೆ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ಬಂದ ಉದ್ದ ಕೋಟಿನ, ಬಿಳಿ ರುಮಾಲಿನ ರಾಧಾಕೃಷ್ಣನ್ ಕೂಡ ಬರುವಂತಿಲ್ಲ. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅವರ ಹುಟ್ಟುಹಬ್ಬವೇ 1962ರಿಂದ ಶಿಕ್ಷಕರ ದಿನವಾಯಿತು. ಆ ಹುಡುಗರು ಸಾರೋಟಿಗೆ ಹೆಗಲು ಕೊಟ್ಟದ್ದು ತರಗತಿಯಲ್ಲಿ ಕೇಳಿದ ಪಾಠಕ್ಕೆ. ಅವರ ಗೌರವವನ್ನು ಯಾವ ಆದೇಶವೂ ಹುಟ್ಟಿಸಿರಲಿಲ್ಲ.

ಪ್ರಯೋಗಾಲಯದ ಬಿಳಿ ಕೋಟಿನ ಸಾಕ್ಷ್ಯವೂ ಅಷ್ಟು ಗಟ್ಟಿಯಲ್ಲ. 2019ರಲ್ಲಿ ಬೇರೆ ಸಂಶೋಧಕರು ಆ ಅಧ್ಯಯನದ ಪ್ರಯೋಗವನ್ನು ಮತ್ತೆ ಮಾಡಿದಾಗ ಮೊದಲಿನ ಫಲಿತಾಂಶ ಸಿಗಲಿಲ್ಲ. ಸಿಕ್ಕಿದ್ದರೂ ಅದು ತೊಟ್ಟವರ ಗಮನದ ಬಗ್ಗೆಯೇ ಹೊರತು ನೋಡುವ ಮಕ್ಕಳ ಕಲಿಕೆಯ ಬಗ್ಗೆ ಅಲ್ಲ. ಟೈ ಪ್ರಕರಣದಲ್ಲಿಯೂ ಮೊದಲು ವಿಚಾರಣೆ ಮಾಡಿದ ಮೇಲ್ಮನವಿ ಪೀಠ ಶಿಕ್ಷಕರ ಪರವಾಗಿಯೇ ಇತ್ತು. ಪೂರ್ಣಪೀಠ ಅದನ್ನು ಬದಲಿಸಿದಾಗಲೂ ಮಂಡಳಿ ಅಂಥ ನಿಯಮ ಮಾಡಬಹುದು ಎಂದಿತೇ ಹೊರತು, ಮಾಡುವುದು ಜಾಣತನ ಎಂದು ಹೇಳಲಿಲ್ಲ. ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಎಲ್ಲವನ್ನೂ ಮಾಡಬೇಕೆಂದಿಲ್ಲ.

ಶಾಲೆಯ ಕೆಲಸ ಎಂಥದ್ದೆಂದು ನೋಡಿದವರಿಗೆ ಒಂದೇ ಅಚ್ಚಿನ ಉಡುಪು ಎಷ್ಟು ಅಸಾಧ್ಯವೆಂದು ತಿಳಿಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ನಾಡಿನಾದ್ಯಂತ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಶಿಕ್ಷಕಿ ಮೇಜಿನ ಹಿಂದೆ ನಿಲ್ಲುವುದಿಲ್ಲ. ಗುಂಪಿನಿಂದ ಗುಂಪಿಗೆ ಹೋಗಿ ಮಕ್ಕಳೊಂದಿಗೆ ನೆಲದ ಮೇಲೆ ಕೂರುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಜೂನ್-ಜುಲೈ ಮಳೆಯಲ್ಲಿ ಮಲೆನಾಡಿನ ಹಳ್ಳ ದಾಟಿ ಶಾಲೆ ಸೇರುವವರಿಗೂ, ರಾಯಚೂರು-ಕಲಬುರಗಿಯ ಬಿಸಿಲಲ್ಲಿ ತಗಡಿನ ಸೂರಿನ ಕೆಳಗೆ ಪಾಠ ಮಾಡುವವರಿಗೂ, ಸ್ಕೂಟರಿನಲ್ಲಿ ಇಪ್ಪತ್ತು ಕಿಲೋಮೀಟರು ಹೋಗುವ ಬಸುರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಗೌರವಧನದ ಅತಿಥಿ ಶಿಕ್ಷಕರು, ಅದೂ ತಿಂಗಳುಗಟ್ಟಲೆ ತಡವಾಗಿ ಕೈಗೆ ಬಂದಾಗ, ಆದೇಶಕ್ಕೆ ತಕ್ಕ ಹೊಸ ಬಟ್ಟೆ ಯಾವ ದುಡ್ಡಿನಲ್ಲಿ ಹೊಲಿಸಬೇಕು? ಸಡಿಲವಾದ ಒಂದು ಪುಟದ ನಿಯಮ ಸಾಕು ಎನ್ನುವವರ ಒಳ್ಳೆಯ ಮನಸ್ಸಿನ ಬಗ್ಗೆ ಅನುಮಾನವಿಲ್ಲ. ಆದರೆ ಆ ಪುಟವನ್ನು ಓದಿ ಅರ್ಥ ಹೇಳುವವರು ಅದನ್ನು ಬರೆದವರಲ್ಲ. ಅದನ್ನು ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತವರು.

ಗೇಟಿನ ಬಳಿ ನಿಂತ ಆದೇಶ ಏನು ಮಾಡಬಲ್ಲದೆಂದು ಕರ್ನಾಟಕ ಕಂಡಿದೆ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದು. ಮಾರ್ಚ್ 15ರಂದು ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ಹಿಜಾಬ್ ವಿವಾದದಲ್ಲಿ ಯಾರು ಯಾವ ಕಡೆಗಿದ್ದರೂ ಸರಿ, ಆ ದಿನಗಳಲ್ಲಿ ಶಿಕ್ಷಕಿಯರೂ ಶಾಲೆಯ ಗೇಟಿನಲ್ಲಿ, ಕ್ಯಾಮೆರಾಗಳ ಎದುರು ಹಿಜಾಬ್, ಬುರ್ಖಾ ತೆಗೆದು ಒಳಗೆ ಹೋಗಬೇಕಾದ ದೃಶ್ಯಗಳನ್ನು ಮರೆಯಲಾಗದು. ತನ್ನ ಟೀಚರು ಹೀಗೆ ತಲೆತಗ್ಗಿಸಿದ್ದನ್ನು ನೋಡಿದ ಮಗು ಅಂದು ಗೌರವದ ಪಾಠ ಕಲಿಯಿತೇ?

2024ರ ಫೆಬ್ರವರಿಯಲ್ಲಿ ಬಟ್ಟೆ ಕೊಳಕಾಗಿದೆ ಎಂದು ರೈತರೊಬ್ಬರನ್ನು ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ತಡೆದರು. ಅದೇ ವರ್ಷದ ಜುಲೈನಲ್ಲಿ ಪಂಚೆ ಉಟ್ಟಿದ್ದ ಮತ್ತೊಬ್ಬ ರೈತರನ್ನು ಮಾಲ್ ಒಳಗೆ ಬಿಡಲಿಲ್ಲ. ನಾಡು ಸಿಟ್ಟಿಗೆದ್ದಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವ ಕಾವಲುಗಾರನ ಮೇಲೆ ನಾವು ಕೋಪಗೊಂಡೆವು, ಸರಿಯೇ. ಆದರೆ ಆ ಅಳತೆಯನ್ನು ಅವನು ಎಲ್ಲೋ ಕಲಿತಿರಬೇಕಲ್ಲ. ಅಂಬೇಡ್ಕರ್ ಸೂಟು ತೊಟ್ಟರು. ಅವರದು ಯಾರದೋ ಆದೇಶದ ಪಾಲನೆಯಲ್ಲ, ‘ನೀನು ಇಂಥದ್ದೇ ತೊಡಬೇಕು’ ಎಂದು ಹೇಳುತ್ತ ಬಂದ ವ್ಯವಸ್ಥೆಗೆ ಕೊಟ್ಟ ಉತ್ತರ. ಕೊನೆಯ ಬೆಂಚಿನ ಮಗು ಕಂಡಿದ್ದು ಇಸ್ತ್ರಿಯ ಗೆರೆಯ ಜೊತೆಗೆ ಆ ಸ್ವಂತ ನಿರ್ಧಾರವನ್ನೂ.

ಸಾವಿತ್ರಿಬಾಯಿಯವರ ಚೀಲದ ಸೀರೆಯ ಕಥೆ ನಮಗೂ ಪ್ರಿಯವಾದದ್ದು. ಆದರೆ ಆ ಬೀದಿಯಲ್ಲಿ ಇನ್ನೂ ಒಂದು ಗುಂಪಿತ್ತು. ಹೆಂಗಸು ಹೇಗಿರಬೇಕು, ಎಲ್ಲಿರಬೇಕು, ಹೇಗೆ ಕಾಣಬೇಕು ಎಂದು ತಮಗೆ ಗೊತ್ತಿದೆಯೆಂದು ನಂಬಿದ್ದವರು ಅವರು. ಸಗಣಿ ಎರಚಿದ್ದು ಆ ನಂಬಿಕೆಯಿಂದಲೇ. ಎರಡನೇ ಸೀರೆಯನ್ನು ತೆಗೆದುಕೊಂಡು ಹೋಗೆಂದು ಸಾವಿತ್ರಿಬಾಯಿಯವರಿಗೆ ಯಾರೂ ಆದೇಶಿಸಿರಲಿಲ್ಲ. ಬೆಳಿಗ್ಗೆ ಮನೆ ಬಿಡುವ ಮುನ್ನ ತಮ್ಮ ಮಕ್ಕಳನ್ನು ನೆನೆದು, ತಾವೇ ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಿದ್ದರು. ನಾಡಿನ ಸಾವಿರಾರು ಶಿಕ್ಷಕಿಯರು ಇಂದಿಗೂ ಬೆಳಿಗ್ಗೆ ಕಪಾಟಿನ ಮುಂದೆ ನಿಂತು ಅದೇ ಮಕ್ಕಳನ್ನು ನೆನೆದು ಬಟ್ಟೆ ಆರಿಸಿಕೊಳ್ಳುತ್ತಾರೆ. ಅವರನ್ನು ನಂಬಿದರೆ ಸಾಕು.